ಮುಗ್ಗರಿಸುವ ಆಟ

ಗಣಕಯಂತ್ರದ ಆಟಗಳ ವಿಚಾರ ಕುಟುಂಬ ಪತ್ರಿಕೆಗೆ ತಕ್ಕದ್ದಲ್ಲವೆಂದು ಕೆಲವು ಹಿರಿಯರು ಹುಬ್ಬೇರಿಸಿಯಾರು. ಆದರೆ ನಮ್ಮ ಮನೆಯಲ್ಲಿ ಕನ್ನಡ ಉಸಿರಾಡುತ್ತಿರುವ ಎಡೆಗಳಲ್ಲಿ ಅದೂ ಒಂದಾದುದರಿಂದ ಸಂಕೋಚವನ್ನು ಬದಿಗಿಟ್ಟು ಬರೆಯುತ್ತಿದ್ದೇನೆ. ಕಾಸರಗೋಡಿನ ಒಳನಾಡಿನವನಾದ ನನ್ನ ಮೊಮ್ಮಗ ಕಲಿಯುವುದು ಇಂಗ್ಲಿಷಿನಲ್ಲಿ. ಪೇಟೆಯಲ್ಲಿ ಅವನ ವ್ಯವಹಾರವೆಲ್ಲ ಮಲಯಾಳದಲ್ಲಿ. ದುಬೈ ಮತ್ತು ಬೆಂಗಳೂರಿನಲ್ಲಿರುವ ಅತ್ತೆಯ ಮಕ್ಕಳೊಡನೆ ಅವನು ಬಾಯ್ತುಂಬ ಕನ್ನಡ ಮಾತನಾಡುವುದು ಭಾನುವಾರ ಸಂಜೆ, ಕಿವಿಗೆ ಹೆಡ್‌ಫೋನ್ ಏರಿಸಿ ‘ಕೌಂಟರ್ ಸ್ಟ್ರೈಕ್’ ಆಡುವಾಗ.

2023ರ ಸೆಪ್ಟೆಂಬರಿನಲ್ಲಿ ಈ ಆಟದ ಎರಡನೆಯ ಅವತಾರ ಬಂದು ಹಳೆಯದರ ಜಾಗದಲ್ಲಿ ನಿಂತಿತು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಮ್ಮ ಯಂತ್ರ ಅದರ ಭಾರವನ್ನು ಹೊರಲಾರದೆ ಮುಗ್ಗರಿಸತೊಡಗಿತು. ಹುಡುಗ ಎರಡು ಭಾನುವಾರ ಆಟಕ್ಕೇ ಕೂರಲಿಲ್ಲ. “ಅಜ್ಜಾ, ಒಂದು ಕಾರ್ಡ್ ತೆಗೆಯದಿದ್ದರೆ ಆಗುವುದಿಲ್ಲ” ಎಂದ. ಕೊಳೆರೋಗದಿಂದ ಅಡಕೆ ಉದುರಿಹೋದ ವರ್ಷದಲ್ಲಿ ಅಷ್ಟು ದುಡ್ಡು ತೆಗೆಯುವುದು ಸುಲಭವಲ್ಲ. ಮೂವತ್ತು ವರ್ಷ ಗಣಿತ ಕಲಿಸಿದವನು ನಾನು. ಮೊದಲು ಲೆಕ್ಕ ನೋಡೋಣ ಎಂದೆ.

ಪರದೆಯ ಮೇಲೆ ಕ್ಷಣಕ್ಕೆ ಅರುವತ್ತು ಚಿತ್ರಗಳು ಮೂಡುವುದಾದರೆ ಒಂದೊಂದರ ಪಾಲಿಗೆ ಬರುವುದು ಸುಮಾರು 16.7 ಮಿಲಿಸೆಕೆಂಡು. ನಡುವೆ ಒಂದು ಚಿತ್ರ 50 ಮಿಲಿಸೆಕೆಂಡು ತೆಗೆದುಕೊಂಡರೆ ಸರಾಸರಿ ಅಷ್ಟೇನೂ ಇಳಿಯದು, ಆದರೆ ಕಣ್ಣಿಗೆ ಎಡವಿದಂತಾಗುತ್ತದೆ. ಪಾರ್ತಿಸುಬ್ಬನ ನಾಡಿನವರಾದ ನಮಗೆ ಇದನ್ನು ತಾಳದ ಮಾತಿನಲ್ಲಿ ಹೇಳಬಹುದು. ಲಯ ನಿಧಾನವಾದರೂ ವೇಷಧಾರಿ ಕುಣಿದಾನು. ಒಂದೇ ಒಂದು ಪೆಟ್ಟು ತಡವಾದರೆ ಹೆಜ್ಜೆ ತಪ್ಪುತ್ತದೆ. ಹುಡುಗರು ಹೆಮ್ಮೆಯಿಂದ ಹೇಳಿಕೊಳ್ಳುವ ಸರಾಸರಿಯ ಅಂಕಿಯನ್ನು ನಾನು ಅಷ್ಟಾಗಿ ನಂಬದಿರುವುದು ಇದೇ ಕಾರಣಕ್ಕೆ.

ಇನ್ನು, ಎಲ್ಲ ತೊಡಕನ್ನೂ ಅವರು ‘ಲ್ಯಾಗ್’ ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ. ಅಂತರ್ಜಾಲದ ವಿಳಂಬ ಬೇರೆ, ಯಂತ್ರದ ಬಳಲಿಕೆ ಬೇರೆ. ಸಂಪರ್ಕವಿಲ್ಲದೆ, ಯಂತ್ರವೇ ಆಡಿಸುವ ಬೊಂಬೆಗಳೊಡನೆ ಆಡಿನೋಡಿದೆವು, ಆಗಲೂ ಮುಗ್ಗರಿಸಿತು. ದೋಷ ಮನೆಯೊಳಗಿನದೇ ಎಂದು ಖಚಿತವಾಯಿತು.

ಸ್ಟೀಮ್ ತಂತ್ರಾಂಶದಲ್ಲಿ ಆಟದ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ತೆರೆದರೆ ‘ಲಾಂಚ್ ಆಪ್ಷನ್ಸ್’ ಎಂಬ ಪುಟ್ಟ ಚೌಕವಿದೆ. ಆಟ ಆರಂಭವಾಗುವಾಗ ಪಾಲಿಸಬೇಕಾದ ಆಜ್ಞೆಗಳನ್ನು ಅಲ್ಲಿ ಬರೆಯಬಹುದು. ಗೆಳೆಯರು ಕೊಟ್ಟ ಹತ್ತು ಹನ್ನೆರಡು ಆಜ್ಞೆಗಳನ್ನು ನಮ್ಮವನು ಮಂತ್ರದಂತೆ ತುಂಬಿಸಿದ್ದ. ಎಲ್ಲವನ್ನೂ ಅಳಿಸಿ, ಒಂದೊಂದನ್ನೇ ಮರಳಿ ಸೇರಿಸಿ, ಪ್ರತಿಸಲವೂ ಒಂದೇ ಜಾಗದಲ್ಲಿ ಒಂದೇ ದಾರಿಯಲ್ಲಿ ನಡೆದು ಅಳೆದೆವು. ಅಳತೆಯನ್ನು ಪರದೆಯ ಮೇಲೆ ತೋರಿಸುವ ಸೌಲಭ್ಯ ಆಟದಲ್ಲೇ ಇದೆ. ‘ನೋವಿಡ್’ ಎಂಬುದು ಆರಂಭದ ಚಿತ್ರವನ್ನು ದಾಟಿಸಲು ಇರುವಂಥದು. ಓಟಕ್ಕೂ ಅದಕ್ಕೂ ಸಂಬಂಧವಿಲ್ಲ. ಡೈರೆಕ್ಟ್‌ಎಕ್ಸ್ 9ಕ್ಕೆ ಸೇರಿದ ಆಜ್ಞೆ ಹಳೆಯ ಆಟದ ಕಾಲದ್ದು, ಹೊಸದಕ್ಕೆ ಅದು ನಿರರ್ಥಕ. ‘ಥ್ರೆಡ್ಸ್’ ವಿಷಯದಲ್ಲಿ ಯಂತ್ರದ ವಿವೇಕವೇ ಮೇಲು. ‘ಹೈ’ ಎಂಬುದು ಆಟಕ್ಕೆ ಉಳಿದೆಲ್ಲ ಕೆಲಸಗಳಿಗಿಂತ ಮೊದಲ ಪಂಕ್ತಿ ಹಾಕಿಸುತ್ತದೆ. ಬಲಹೀನ ಯಂತ್ರದಲ್ಲಿ ಅದರಿಂದ ಇತರ ಕೆಲಸಗಳು ಹಸಿದುಕೊಳ್ಳುತ್ತವೆ. ನಮ್ಮಲ್ಲಿ ಮಾತಿನ ಧ್ವನಿಯೇ ತುಂಡುತುಂಡಾಯಿತು! ಮಾತಿಗಾಗಿಯೇ ಆಡುವ ಆಟದಲ್ಲಿ ಅದನ್ನು ಉಳಿಸಿಕೊಂಡು ಏನು ಫಲ?

ನಿಜವಾದ ಉಪಶಮನ ದೊರೆತದ್ದು ಬೇರೆಡೆಯಲ್ಲಿ. 1920ಕ್ಕೆ 1080ರ ಪರದೆಯಲ್ಲಿ ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಬಿಂದುಗಳಿರುತ್ತವೆ. 1280ಕ್ಕೆ 720 ಎಂದು ಇಳಿಸಿದರೆ ಒಂಬತ್ತು ಲಕ್ಷದ ಆಸುಪಾಸು. ದುಡಿಮೆ ಅರ್ಧಕ್ಕಿಂತ ಕಡಿಮೆಯಾಯಿತು. ಚಿತ್ರ ತುಸು ಮಸುಕಾದುದನ್ನು ಹುಡುಗ ಒಂದು ವಾರದಲ್ಲಿ ಮರೆತ. ನೆರಳುಗಳನ್ನೂ ಅಂಚು ನಯಗೊಳಿಸುವ ಏರ್ಪಾಡನ್ನೂ ತಗ್ಗಿಸಿದೆವು. ಅನಂತರ ಕ್ಷಣಕ್ಕೆ ಅರುವತ್ತೆಂಬ ಮಿತಿ ಹಾಕಿದೆವು. ನಮ್ಮ ಪರದೆ ತೋರಿಸಬಲ್ಲುದು ಅಷ್ಟನ್ನೇ. ಒಮ್ಮೆ ತೊಂಬತ್ತಕ್ಕೇರಿ ಮರುಗಳಿಗೆ ಐವತ್ತಕ್ಕಿಳಿಯುವ ಓಟಕ್ಕಿಂತ ಇದು ಎಷ್ಟೋ ಸಮ. ಬೇಸಗೆಯಲ್ಲಿ ಯಂತ್ರ ಕಾಯುವುದೂ ಕಡಿಮೆ.

ಎಲ್ಲಕ್ಕಿಂತ ದೊಡ್ಡ ಗುಟ್ಟು ಪೆಟ್ಟಿಗೆಯನ್ನು ಬಿಚ್ಚಿದಾಗ ತಿಳಿಯಿತು. ಒಳಗೆ ಎಂಟು ಜೀಬಿಯ ಒಂದೇ ರ‍್ಯಾಮ್ ಪಟ್ಟಿ ಇತ್ತು. ಪ್ರತ್ಯೇಕ ಕಾರ್ಡ್ ಇಲ್ಲದಿರುವಲ್ಲಿ ಚಿತ್ರದ ಕೆಲಸಕ್ಕೂ ಇದೇ ನೆನಪೇ ಆಧಾರ. ಅಂಥದೇ ಇನ್ನೊಂದನ್ನು ಎರಡನೆಯ ಹಾದಿಯ ಖಾನೆಗೆ ಸೇರಿಸಿದರೆ ಮಾಹಿತಿ ಎರಡು ಹಾದಿಗಳಲ್ಲಿ ಹರಿಯುತ್ತದೆ. ಕಾರ್ಡಿನ ಬೆಲೆಯ ಸಣ್ಣದೊಂದು ಪಾಲಿನಲ್ಲಿ ಆ ಕೆಲಸವಾಯಿತು. ಫ್ಯಾನಿನ ರೆಕ್ಕೆಗಳಿಗೆ ಮೆತ್ತಿದ್ದ ಧೂಳನ್ನು ನನ್ನ ಸೊಸೆ ಹಳೆಯ ಬಣ್ಣದ ಕುಂಚದಿಂದ ಒರಸಿದಳು.

ಡ್ರೈವರ್ ಹೊಸದಾದಾಗ ಮೊದಲ ಒಂದೆರಡು ಆಟಗಳಲ್ಲಿ ಈಗಲೂ ಕೊಂಚ ತಡವರಿಕೆಯುಂಟು. ಆಮೇಲೆ ತಾನಾಗಿ ಸರಿಹೋಗುತ್ತದೆ. ಲಾಂಚ್ ಆಪ್ಷನ್ಸ್ ಚೌಕ ಸದ್ಯ ಖಾಲಿಯಾಗಿದೆ. ಕಾರ್ಡಿನ ಮಾತನ್ನು ಮುಂದಿನ ಕೊಯ್ಲಿಗೆ ಮುಂದೂಡಲಾಗಿದೆ. ಭಾನುವಾರ ಸಂಜೆ ಒಳಕೋಣೆಯಿಂದ “ಎಡಕ್ಕೆ, ಎಡಕ್ಕೆ! ಮೆಟ್ಟಿಲ ಹಿಂದೆ ನಿಂತಿದ್ದಾನೆ ಮಾರಾಯ!” ಎಂಬ ಕೂಗು ಕೇಳಿಸುತ್ತಿದೆ.