ವರ್ಷಕ್ಕೆ 88 ಸೆಂಟ್ ಬಾಡಿಗೆಯ ಕೇರಿ

ಜರ್ಮನಿಯ ಆಗ್ಸ್‌ಬರ್ಗ್ ನಗರದ ನಡುವೆ ಒಂದು ಪುಟ್ಟ ಕೇರಿ ಇದೆ. ಹೆಸರು ಫುಗ್ಗರೈ. ಅಲ್ಲಿ ಒಂದು ಮನೆಯ ಬಾಡಿಗೆ 88 ಸೆಂಟ್. ತಿಂಗಳಿಗಲ್ಲ, ವರ್ಷಕ್ಕೆ! ನಮ್ಮ ಲೆಕ್ಕದಲ್ಲಿ ನೂರು ರೂಪಾಯಿಯ ಆಸುಪಾಸು. 1521ರಲ್ಲಿ ಇದನ್ನು ಕಟ್ಟಿಸಿದಾಗ ವರ್ಷಕ್ಕೆ ಒಂದು ರೈನ್ ಗುಲ್ಡನ್ ಎಂದು ಬರೆದಿಟ್ಟರು. ಆಮೇಲೆ ಯುದ್ಧಗಳಾದವು, ರಾಜರು ಹೋದರು, ನಾಣ್ಯ ನಾಲ್ಕಾರು ಸಲ ಬದಲಾಯಿತು. ಬಾಡಿಗೆ ಮಾತ್ರ ಅಷ್ಟೇ ಉಳಿಯಿತು.

ಮ್ಯೂನಿಕ್‌ನಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷ ಆಯ್ತು. ಆಗ್ಸ್‌ಬರ್ಗ್ ಇಲ್ಲಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರ. ವಾರಾಂತ್ಯಕ್ಕೆ ಜನ ಆಲ್ಪ್ಸ್ ಕಡೆ ಹೋಗ್ತಾರೆ, ಅರಮನೆ ನೋಡೋಕೆ ಹೋಗ್ತಾರೆ. ನಾನು ಒಂದು ಶನಿವಾರ ಬಡವರ ಮನೆಗಳನ್ನು ನೋಡೋಕೆ ಹೊರಟೆ. ಅದಕ್ಕೊಂದು ಕಾರಣ ಇತ್ತು. ಅರಸೀಕೆರೆಯಲ್ಲಿರುವ ನಮ್ಮ ಸೋದರತ್ತೆಗೆ ಎಪ್ಪತ್ತೊಂದು ವರ್ಷ. ಮಕ್ಕಳಿಲ್ಲ, ಸ್ವಂತ ಮನೆ ಇಲ್ಲ. ಹದಿನೆಂಟು ವರ್ಷದಿಂದ ಇದ್ದ ಬಾಡಿಗೆ ಮನೆಯನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟಿಸ್ತೀವಿ, ಖಾಲಿ ಮಾಡಿ ಅಂತ ಮನೆಯವರು ಹೇಳಿದ್ದರು. ದೊಡ್ಡಪ್ಪನ ಮಕ್ಕಳು, ನಾನು, ತಂಗಿ ಸೇರಿ ನಾಲ್ಕು ಜನ ವಾಟ್ಸಾಪ್ ಗುಂಪು ಮಾಡಿಕೊಂಡು ಎರಡು ತಿಂಗಳಿಂದ ಅವರಿಗೊಂದು ಜಾಗ ಹುಡುಕುತ್ತಿದ್ದೆವು.

ಗೋಡೆಯೊಳಗಿನ ಊರು

ಆಗ್ಸ್‌ಬರ್ಗ್ ರೈಲು ನಿಲ್ದಾಣದಿಂದ ಟ್ರಾಮ್ ಹತ್ತಿದರೆ ಫುಗ್ಗರೈ ಅಂತಲೇ ಒಂದು ಸ್ಟಾಪ್ ಬರುತ್ತದೆ. ಹೊರಗಿನಿಂದ ನೋಡಿದರೆ ಏನೂ ವಿಶೇಷವಿಲ್ಲ, ಒಂದು ಗೋಡೆ, ಒಂದು ಬಾಗಿಲು. ಟಿಕೆಟ್ ತಗೊಂಡು ಒಳಗೆ ಕಾಲಿಟ್ಟರೆ ಮಾತ್ರ ಸದ್ದು ಥಟ್ಟನೆ ಕಡಿಮೆಯಾಗುತ್ತದೆ. ನೇರವಾದ ಓಣಿಗಳು. ಎರಡೂ ಕಡೆ ಒಂದೇ ಎತ್ತರದ, ಕಾವಿ ಬೆರೆತ ಹಳದಿ ಬಣ್ಣದ ಮನೆಗಳು. ಹಸಿರು ಕಿಟಕಿ ಬಾಗಿಲು, ಗೋಡೆಗೆ ಹಬ್ಬಿದ ಬಳ್ಳಿ, ನಡುವೆ ಒಂದು ಕಾರಂಜಿ, ಒಂದು ಸಣ್ಣ ಚರ್ಚು.

ಒಟ್ಟು 67 ಕಟ್ಟಡ, ಸುಮಾರು 140 ಮನೆ, ಸುಮಾರು 150 ಜನ. ಹೆಚ್ಚಿನವರು ವಯಸ್ಸಾದವರು. ಒಂದೊಂದು ಮನೆಯೂ ಅರವತ್ತು ಚದರ ಮೀಟರ್ ಹತ್ತಿರ, ಅಂದರೆ ನಮ್ಮ ಆರುನೂರೈವತ್ತು ಚದರಡಿ. ಅಡುಗೆಮನೆ, ಹಾಲು, ಮಲಗುವ ಕೋಣೆ. ಕೆಳಗಿನ ಮನೆಗೆ ಹಿಂದೆ ಒಂದು ಚೂರು ತೋಟ, ಮೇಲಿನ ಮನೆಗೆ ಅಟ್ಟ. ನನಗೆ ಬಹಳ ಹಿಡಿಸಿದ್ದು ಇನ್ನೊಂದು ಸಂಗತಿ: ಮಹಡಿ ಮನೆಯವರಿಗೂ ಬೀದಿಗೇ ತೆರೆಯುವ ಸ್ವಂತ ಬಾಗಿಲು ಇದೆ. ಯಾರೂ ಇನ್ನೊಬ್ಬರ ಮನೆ ಹಾದು ತಮ್ಮ ಮನೆಗೆ ಹೋಗಬೇಕಿಲ್ಲ. ಐನೂರು ವರ್ಷದ ಹಿಂದೆ, ಬಡವರಿಗೆ ಅಂತ ಕಟ್ಟುವಾಗ, ಈ ಬಗ್ಗೆ ಯೋಚಿಸಿದ್ದಾರೆ.

ಬಾಗಿಲ ಪಕ್ಕ ಗಂಟೆ ಎಳೆಯುವ ಕಬ್ಬಿಣದ ಹಿಡಿಕೆಗಳಿವೆ. ಒಂದು ಎಲೆಯ ಹಾಗಿದ್ದರೆ ಇನ್ನೊಂದು ಪೈನ್ ಕಾಯಿಯ ಹಾಗೆ. ಬೀದಿದೀಪ ಇಲ್ಲದ ಕಾಲದಲ್ಲಿ ಕತ್ತಲಲ್ಲಿ ಬಂದವರು ಕೈಯಲ್ಲಿ ತಡವಿ ತಮ್ಮ ಬಾಗಿಲು ಗುರುತಿಸಲಿ ಅಂತ ಹಾಗೆ ಮಾಡಿದ್ದಂತೆ.

ರಾತ್ರಿ ಹತ್ತಕ್ಕೆ ಹೆಬ್ಬಾಗಿಲು ಮುಚ್ಚುತ್ತಾರೆ. ಆಮೇಲೆ ಬರುವ ನಿವಾಸಿ ಕಾವಲುಗಾರನಿಗೆ 50 ಸೆಂಟ್ ಕೊಡಬೇಕು. ನಡುರಾತ್ರಿ ದಾಟಿದರೆ ಒಂದು ಯೂರೋ. ಸಿನಿಮಾ ನೋಡಿಕೊಂಡು ತಡವಾಗಿ ಎರಡು ಸಲ ಬಂದರೆ ಒಂದು ವರ್ಷದ ಬಾಡಿಗೆಗಿಂತ ಹೆಚ್ಚು ದಂಡ ಕಟ್ಟಿದ ಹಾಗಾಯ್ತು!

ಹಳೆಯ ಕಾಲದ ಮನೆ ಹೇಗಿತ್ತು, ಈಗ ಹೇಗಿದೆ ಅಂತ ತೋರಿಸಲು ಎರಡು ಮನೆಗಳನ್ನು ಪ್ರವಾಸಿಗರಿಗೆ ತೆರೆದಿಟ್ಟಿದ್ದಾರೆ. ನೆಲದಡಿಯ ಬಂಕರ್ ಕೂಡ ನೋಡಬಹುದು. 1944ರ ಫೆಬ್ರವರಿ 25ರ ರಾತ್ರಿ ಬಾಂಬ್ ದಾಳಿಯಲ್ಲಿ ಕೇರಿಯ ಹೆಚ್ಚಿನ ಭಾಗ ನೆಲಸಮವಾಯಿತು. ಯುದ್ಧ ಮುಗಿದ ಮೇಲೆ ಮತ್ತೆ ಹಳೆಯ ನಕ್ಷೆಯಲ್ಲೇ ಕಟ್ಟಿದರು. ಸಂಗೀತಗಾರ ಮೊಝಾರ್ಟ್‌ನ ಮುತ್ತಜ್ಜ ಫ್ರಾಂಝ್ ಮೊಝಾರ್ಟ್ ಗಾರೆ ಕೆಲಸದವನು. ಕೈ ಸೋತ ಕಾಲದಲ್ಲಿ ಅವನೂ ಇದೇ ಕೇರಿಯಲ್ಲಿದ್ದ.

ಸಾಹುಕಾರನ ಲೆಕ್ಕ

ಕಟ್ಟಿಸಿದವನು ಯಾಕೋಬ್ ಫುಗ್ಗರ್. ಅವನ ಕಾಲಕ್ಕೆ ಯುರೋಪಿನ ಅತಿದೊಡ್ಡ ಶ್ರೀಮಂತರಲ್ಲಿ ಒಬ್ಬ. ಬೆಳ್ಳಿ, ತಾಮ್ರದ ಗಣಿ, ಬ್ಯಾಂಕು. 1519ರಲ್ಲಿ ಐದನೇ ಚಾರ್ಲ್ಸ್ ಚಕ್ರವರ್ತಿಯಾಗಿ ಆಯ್ಕೆಯಾಗಲು ಹಣ ಹೊಂದಿಸಿದವನು ಇವನೇ. ನಮ್ಮ ಕರಾವಳಿಗೂ ಇವನ ದುಡ್ಡು ಬಂದಿದೆ. 1505ರಲ್ಲಿ ಪೋರ್ಚುಗೀಸರ ಅಲ್ಮೇಡ ಹೊರಟ ನೌಕಾಪಡೆಗೆ ಆಗ್ಸ್‌ಬರ್ಗ್‌ನ ವರ್ತಕರು ಬಂಡವಾಳ ಹಾಕಿದ್ದರು. ಅವರಲ್ಲಿ ಫುಗ್ಗರ್ ಕೂಡ ಒಬ್ಬ. ಆ ಪಡೆ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಕೋಟೆ ಕಟ್ಟಿತು, ಹೊನ್ನಾವರದ ಮೇಲೆ ದಾಳಿ ಮಾಡಿತು, ಮಲಬಾರಿನ ಕರಿಮೆಣಸು ತುಂಬಿಕೊಂಡು ಹಡಗುಗಳು ವಾಪಸ್ ಹೋದವು. ಹಾಗಾಗಿ ಈ ಹಳದಿ ಗೋಡೆಯ ಹಿಂದೆ ಬರೀ ಧರ್ಮವೇ ಇಲ್ಲ, ಅಧರ್ಮದ ಪಾಲೂ ಇದೆ.

ಷರತ್ತುಗಳೂ ಇವೆ. ಅರ್ಜಿ ಹಾಕುವವರು ಆಗ್ಸ್‌ಬರ್ಗ್‌ನವರಾಗಿರಬೇಕು, ಬಡವರಾಗಿರಬೇಕು, ಕ್ಯಾಥೊಲಿಕ್ ಆಗಿರಬೇಕು. ಬಾಡಿಗೆ ಜೊತೆ ದಿನಕ್ಕೆ ಮೂರು ಪ್ರಾರ್ಥನೆಯನ್ನು ಫುಗ್ಗರ್ ಮತ್ತು ಅವನ ಮನೆತನದ ಹೆಸರಲ್ಲಿ ಹೇಳಬೇಕು. ಸಾಹುಕಾರ ಸಾಹುಕಾರನೇ, ಸ್ವರ್ಗದ ಖಾತೆಗೂ ಕಂತು ಕಟ್ಟಿಸಿಕೊಂಡಿದ್ದಾನೆ. ನಾನಾಗಲಿ ನಮ್ಮ ಅತ್ತೆಯಾಗಲಿ ಈ ಷರತ್ತಿನ ಬಾಗಿಲಲ್ಲೇ ನಿಲ್ಲುತ್ತಿದ್ದೆವು.

ಆದರೂ ಒಂದು ವಿಷಯ ಒಪ್ಪಲೇಬೇಕು. ಅವನು ಬರೀ ಮನೆ ಕಟ್ಟಿಸಿ ಸುಮ್ಮನಾಗಲಿಲ್ಲ, ಅದು ನಡೆಯಲು ದತ್ತಿ ಇಟ್ಟ. ಇವತ್ತಿಗೂ ಆ ದತ್ತಿಯ ಕಾಡುಗಳ ಮರದ ಆದಾಯವೇ ಮುಖ್ಯ. ಜೊತೆಗೆ ನಮ್ಮಂಥ ಪ್ರವಾಸಿಗರ ಟಿಕೆಟ್ ದುಡ್ಡು. ನಮ್ಮ ಹಳೆಯ ಶಾಸನಗಳಲ್ಲಿ ಕೆರೆಗೋ ಛತ್ರಕ್ಕೋ ಭೂಮಿ ಬಿಟ್ಟು ‘ಆಚಂದ್ರಾರ್ಕ’ ಅಂತ ಬರೆಸುತ್ತಿದ್ದರಲ್ಲ, ಸೂರ್ಯ ಚಂದ್ರರಿರುವವರೆಗೆ ನಡೆಯಲಿ ಅಂತ, ಅದೇ ಬಗೆಯ ಯೋಚನೆ. ಕಟ್ಟಡಕ್ಕೆ ದಾನಿಗಳು ಸಿಗ್ತಾರೆ, ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ತಾರೆ. ಮುಂದಿನ ತಿಂಗಳ ಕರೆಂಟ್ ಬಿಲ್ಲಿಗೆ, ಆಯಾ ಸಂಬಳಕ್ಕೆ ಸಿಗೋದಿಲ್ಲ. ಎರಡು ತಿಂಗಳ ಹುಡುಕಾಟದಲ್ಲಿ ವೃದ್ಧಾಶ್ರಮ ನಡೆಸುವವರು ನಮಗೆ ಮತ್ತೆ ಮತ್ತೆ ಹೇಳಿದ ಮಾತೇ ಇದು.

ಅತ್ತೆಯ ಲೆಕ್ಕ

ಅತ್ತೆ ಬದುಕಿಡೀ ರವಿಕೆ ಹೊಲಿದವರು. ಈಗ ಕಣ್ಣು ಮಂಜು, ಮಂಡಿ ನೋವು. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1200 ರೂಪಾಯಿ. ರೇಷನ್ ಕಾರ್ಡಿನಲ್ಲಿ ಅವರೇ ಯಜಮಾನಿ, ಹಾಗಾಗಿ ಗೃಹಲಕ್ಷ್ಮಿಯ 2000. ಎರಡೂ ಸಮಯಕ್ಕೆ ಬಂದರೆ 3200. ಅದರಲ್ಲಿ ಬಾಡಿಗೆ, ಗ್ಯಾಸ್, ಔಷಧಿ.

ಕಾನೂನು ಓದಿ ನೋಡಿದೆವು. ಪೋಷಕರು ಮತ್ತು ಹಿರಿಯ ನಾಗರಿಕರ ಪಾಲನೆಗೆ 2007ರ ಕಾಯ್ದೆ ಇದೆ. ಮಕ್ಕಳು ನೋಡಿಕೊಳ್ಳದಿದ್ದರೆ ನ್ಯಾಯಮಂಡಳಿಗೆ ಹೋಗಬಹುದು. ಮಕ್ಕಳಿಲ್ಲದವರಾದರೆ ಅವರ ಆಸ್ತಿ ಯಾರಿಗೆ ಸೇರುತ್ತದೋ ಆ ಬಂಧು ನೋಡಿಕೊಳ್ಳಬೇಕು. ಮಕ್ಕಳೂ ಇಲ್ಲ, ಆಸ್ತಿಯೂ ಇಲ್ಲ ಅಂದರೆ? ಆಗ ಕಾನೂನಿನ ಪ್ರಕಾರ ಹೊಣೆ ಹೊರಬೇಕಾದ ಬಂಧು ಯಾರೂ ಇಲ್ಲ. ಅಂಥವರಿಗಾಗಿಯೇ 19ನೇ ಸೆಕ್ಷನ್ ಇದೆ: ಪ್ರತಿ ಜಿಲ್ಲೆಗೆ ಕನಿಷ್ಠ ಒಂದು, 150 ನಿರ್ಗತಿಕ ಹಿರಿಯರಿಗೆ ಜಾಗ ಇರುವಂಥ ವೃದ್ಧಾಶ್ರಮ. ಆದರೆ ಅಲ್ಲಿ ರಾಜ್ಯ ಸರ್ಕಾರ ಸ್ಥಾಪಿಸ‘ಬಹುದು’ ಅಂತಿದೆ, ಸ್ಥಾಪಿಸ‘ಲೇಬೇಕು’ ಅಂತಿಲ್ಲ. ಒಂದು ಕ್ರಿಯಾಪದದ ಕೊನೆಯಲ್ಲಿ ಎಷ್ಟು ಜನರ ಮುಪ್ಪು ನಿಂತಿದೆ ನೋಡಿ.

ಖಾಸಗಿ ಜಾಗಗಳಿಗೂ ಫೋನ್ ಮಾಡಿದೆವು. ಒಂದು ಕಡೆ ಫೋಟೋದಲ್ಲಿ ಹುಲ್ಲುಹಾಸು, ಫಿಸಿಯೋಥೆರಪಿ ಎಲ್ಲ ಇತ್ತು. ತಿಂಗಳಿಗೆ 35 ಸಾವಿರ, ಮುಂಗಡ ಬೇರೆ. ಇನ್ನೊಂದು ಕಡೆ ಪೂರ್ತಿ ಉಚಿತ, ಆದರೆ ಒಂದು ಹಾಲಿನಲ್ಲಿ ಇಪ್ಪತ್ತು ಮಂಚ, ಹಾಸಿಗೆ ಹಿಡಿದವರಿಗೆ ಜಾಗ ಇಲ್ಲ. ನಡುವಿನದ್ದು, ಅಂದರೆ ಹತ್ತು ಸಾವಿರದೊಳಗೆ ಒಂದು ಕೋಣೆ, ಊಟ, ಬಿದ್ದರೆ ಎತ್ತುವವರು, ಅದನ್ನೇ ನಾವು ಹುಡುಕುತ್ತಿದ್ದದ್ದು. ಅದು ಮಾತ್ರ ಸಿಗಲಿಲ್ಲ.

ಜರ್ಮನಿಯಲ್ಲಿ ಎಲ್ಲ ಸರಿಯಿದೆ ಅಂತಲ್ಲ. ಇಲ್ಲೂ ನರ್ಸಿಂಗ್ ಹೋಮ್ ದುಬಾರಿ, ಫುಗ್ಗರೈ ಸೇರಲು ವರ್ಷಗಟ್ಟಲೆ ಕಾಯಬೇಕು. ಆದರೆ 1995ರಿಂದ ಕಡ್ಡಾಯ ಆರೈಕೆ ವಿಮೆ ಇದೆ. ನನ್ನ ಸಂಬಳದ ಚೀಟಿಯಲ್ಲೂ ಪ್ರತಿ ತಿಂಗಳು ಕಡಿತ ಆಗುತ್ತದೆ, ಮಕ್ಕಳಿಲ್ಲದವರಿಗೆ ಸ್ವಲ್ಪ ಜಾಸ್ತಿ. ಮುಪ್ಪಿನಲ್ಲಿ ಎಷ್ಟು ಸಹಾಯ ಬೇಕೋ ಅದರ ಮೇಲೆ ಐದು ದರ್ಜೆ, ದರ್ಜೆಗೆ ತಕ್ಕ ಹಾಗೆ ನೆರವು. ಅದೂ ಸಾಲದೆ, ವೃದ್ಧರ ಬಳಿ ಹಣವೂ ಇಲ್ಲದಿದ್ದರೆ ಸರ್ಕಾರ ಕೊಡುತ್ತದೆ. ವರ್ಷಕ್ಕೆ ಒಂದು ಲಕ್ಷ ಯೂರೋಗಿಂತ ಹೆಚ್ಚು ದುಡಿಯುವ ಮಕ್ಕಳಿಂದ ಮಾತ್ರ ಅದನ್ನು ವಸೂಲು ಮಾಡಬಹುದು. ಮುಪ್ಪು ಮನೆಯವರ ಹಣೆಬರಹ ಮಾತ್ರ ಅಲ್ಲ, ಎಲ್ಲರೂ ಸೇರಿ ಹೊರಬೇಕಾದ ಖರ್ಚು ಅನ್ನುವ ಲೆಕ್ಕ.

ಬೆಂಚಿನ ಮೇಲಿನ ಅಜ್ಜಿ

ಕಾರಂಜಿಯ ಹತ್ತಿರ ಒಬ್ಬರು ಅಜ್ಜಿ ಬಿಸಿಲು ಕಾಯಿಸುತ್ತಾ ಕೂತಿದ್ದರು. ನನ್ನ ಹರಕು ಜರ್ಮನ್‌ನಲ್ಲಿ ನಮಸ್ಕಾರ ಹೇಳಿದೆ. ಪ್ರವಾಸಿಗರು ಕಿಟಕಿಯಲ್ಲಿ ಇಣುಕಿ ನೋಡೋದು ಅವರಿಗೆ ಬೇಜಾರು. ‘ನಾವು ಮ್ಯೂಸಿಯಂ ಅಲ್ಲ’ ಅಂದರು. ಹಾಗಾದರೆ ಇಷ್ಟ ಏನು ಅಂತ ಕೇಳಿದೆ. ಬಾಡಿಗೆ ಕಡಿಮೆ ಅಂತ ಹೇಳ್ತಾರೆ ಅಂದುಕೊಂಡಿದ್ದೆ. ‘ಇಲ್ಲಿ ನಾನು ಯಾರಿಗೂ ಥ್ಯಾಂಕ್ಸ್ ಹೇಳಬೇಕಾಗಿಲ್ಲ. ಬಾಡಿಗೆ ಕಟ್ತೀನಿ’ ಅಂದರು.

88 ಸೆಂಟ್‌ನ ಅರ್ಥ ನನಗೆ ಆಗ ಹೊಳೆಯಿತು. ಅಷ್ಟು ಕಡಿಮೆ ಇರುವಾಗ ಪೂರ್ತಿ ಉಚಿತ ಮಾಡಬಹುದಿತ್ತಲ್ಲ? ಮಾಡಲಿಲ್ಲ. ಬಾಡಿಗೆ ಕಟ್ಟುವವರು ಬಾಡಿಗೆದಾರರು, ಭಿಕ್ಷೆ ಪಡೆಯುವವರಲ್ಲ. ನಿವಾಸಿಗಳಲ್ಲಿ ಕೈಲಾದವರು ಕೇರಿಯ ಕೆಲಸವನ್ನೂ ಮಾಡುತ್ತಾರೆ, ರಾತ್ರಿ ಕಾವಲು, ತೋಟ, ಹೀಗೆ. ನೋಡಿಕೊಳ್ಳಲು ಸಮಾಜ ಕಾರ್ಯಕರ್ತರೂ ಇದ್ದಾರೆ.

ಆ ರಾತ್ರಿ ಅತ್ತೆಗೆ ವಿಡಿಯೋ ಕಾಲ್ ಮಾಡಿ ಫೋಟೋ ತೋರಿಸಿದೆ. ಗಂಟೆಯ ಹಿಡಿಕೆಗಳನ್ನು ನೋಡಿ ನಕ್ಕರು. ಆಮೇಲೆ ಎರಡು ತಿಂಗಳಲ್ಲಿ ನಾವು ಯಾರೂ ಕೇಳದ ಪ್ರಶ್ನೆ ಕೇಳಿದೆ, ‘ನಿಮಗೆ ಎಂಥಾ ಜಾಗ ಬೇಕತ್ತೆ?’

‘ಬೀಗ ನನ್ನ ಕೈಲಿರ್ಬೇಕು ಕಣೋ. ಮಷಿನ್ ಇಡೋಕೆ ಒಂದ್ ಮೂಲೆ. ಸಂತೆ ದಿನ ನಡ್ಕೊಂಡ್ ಹೋಗೋ ಹಾಗಿರ್ಬೇಕು. ಇನ್ನೇನ್ ಬೇಕು?’

ವಾಟ್ಸಾಪ್ ಗುಂಪಿನ ಹುಡುಕಾಟ ಅಲ್ಲಿಂದ ಬೇರೆ ದಾರಿ ಹಿಡಿಯಿತು. ವೃದ್ಧಾಶ್ರಮ ಬಿಟ್ಟು ಅದೇ ಊರಲ್ಲಿ ಮನೆ ನೋಡಿದೆವು. ಮೆಟ್ಟಿಲಿಲ್ಲದ ನೆಲಮಹಡಿ, ಎರಡು ಕೋಣೆ, ಬಾಡಿಗೆ ನಾಲ್ಕೂವರೆ ಸಾವಿರ. ಹನ್ನೊಂದು ತಿಂಗಳ ಕರಾರು ಬೇಡ ಅಂತ ಹಟ ಹಿಡಿದು, ಮೂರು ವರ್ಷದ ಕರಾರನ್ನು ಅತ್ತೆಯ ಹೆಸರಲ್ಲೇ ನೋಂದಣಿ ಮಾಡಿಸಿದೆವು. ಬಚ್ಚಲಿಗೆ ಹಿಡಿಗಂಬಿ, ಜಾರದ ಟೈಲು, ಕೂರುವ ಕಮೋಡು ಹಾಕಿಸಿದೆವು. ಪಕ್ಕದ ಮನೆಯ ಹೆಂಗಸು ಬೆಳಿಗ್ಗೆ ಸಂಜೆ ಬಂದು ನೋಡಿ ಹೋಗ್ತಾರೆ, ಅದಕ್ಕೆ ಸಂಬಳ ಇದೆ. ಬಾಡಿಗೆಯಲ್ಲಿ ಐನೂರು ರೂಪಾಯಿ ಅತ್ತೆಯದೇ. ಉಳಿದದ್ದು ನಾವು ನಾಲ್ಕು ಜನ. ಆ ಐನೂರನ್ನು ಬೇಡ ಅನ್ನೋಣ ಅಂತ ತಂಗಿ ಹೇಳಿದಳು. ನಾನು ಬೇಡ ಅನ್ನಬೇಡ ಅಂದೆ.

ನಾಳೆ ಅತ್ತೆ ಹಾಸಿಗೆ ಹಿಡಿದರೆ? ಅದಕ್ಕೆ ನಮ್ಮ ಹತ್ತಿರ ಇನ್ನೂ ಉತ್ತರ ಇಲ್ಲ. ನಾಲ್ಕು ಸಂಬಳ ಇರುವ ಮನೆತನಕ್ಕೇ ಹೀಗಾದರೆ, ಒಂದೂ ಇಲ್ಲದವರ ಗತಿ ಏನು? ಜಿಲ್ಲೆಗೊಂದು ಆಶ್ರಮ ಅನ್ನುವ ಆ ‘ಬಹುದು’ ‘ಬೇಕು’ ಆಗುವ ತನಕ ಈ ಪ್ರಶ್ನೆ ಹೋಗೋದಿಲ್ಲ.

ಹೋಗುವುದಾದರೆ, ಹುಡುಕುವುದಾದರೆ

ಮ್ಯೂನಿಕ್‌ನಿಂದ ಆಗ್ಸ್‌ಬರ್ಗ್‌ಗೆ ಪದೇ ಪದೇ ರೈಲುಗಳಿವೆ. ಲೋಕಲ್ ರೈಲಿಗೆ ಡಾಯ್ಚ್‌ಲಾಂಡ್ ಟಿಕೆಟ್ ನಡೆಯುತ್ತದೆ. ಫುಗ್ಗರೈ ನೋಡಲು ಎರಡು ಗಂಟೆ ಸಾಕು. ಉಳಿದ ಸಮಯದಲ್ಲಿ ಪುರಭವನದ ಚಿನ್ನದ ಸಭಾಂಗಣ ಮತ್ತು 2019ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ನಗರದ ಹಳೆಯ ನೀರಿನ ವ್ಯವಸ್ಥೆ ನೋಡಿ. ದಯವಿಟ್ಟು ಕಿಟಕಿಯಲ್ಲಿ ಇಣುಕಬೇಡಿ, ಒಳಗೆ ಜನ ಇದ್ದಾರೆ.

ನಿಮ್ಮ ಮನೆಯಲ್ಲೂ ಇಂಥ ಹುಡುಕಾಟ ನಡೆದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ, ದುಡ್ಡು ಬೀಳೋದಿಲ್ಲ. ಎಪ್ಪತ್ತು ದಾಟಿದವರಿಗೆ ಆದಾಯ ಎಷ್ಟೇ ಇರಲಿ, ವರ್ಷಕ್ಕೆ ಐದು ಲಕ್ಷದ ತನಕ ಆಸ್ಪತ್ರೆ ಖರ್ಚು ಭರಿಸುವ ಆಯುಷ್ಮಾನ್ ವಯೋವಂದನಾ ಕಾರ್ಡ್ ಮಾಡಿಸಬಹುದು. ಪಿಂಚಣಿ ಅರ್ಜಿಗೆ ನಾಡಕಚೇರಿ. ಆಶ್ರಮ ನೋಡಲು ಹೋದರೆ ಹುಲ್ಲುಹಾಸು ಆಮೇಲೆ ನೋಡಿ, ಮೊದಲು ಮೂರು ಪ್ರಶ್ನೆ ಕೇಳಿ: ಹಾಸಿಗೆ ಹಿಡಿದರೆ ಇಟ್ಟುಕೊಳ್ತೀರಾ? ರಾತ್ರಿ ಎಷ್ಟು ಜನ ಸಿಬ್ಬಂದಿ ಇರ್ತಾರೆ? ಮುಂಗಡ ವಾಪಸ್ ಕೊಡೋದು ಯಾವಾಗ?

ಅದಕ್ಕೂ ಮೊದಲು, ಹೋಗಿ ಇರಬೇಕಾದವರನ್ನೇ ಒಂದು ಮಾತು ಕೇಳಿ.