ಕೆಂಚನಿಗೆ ಎರಡು ಹನಿ

ಕೆಂಚ ಹಾಡು ನಿಲ್ಲಿಸಿದ್ದನ್ನು ಮೊದಲು ಗಮನಿಸಿದವಳು ಅಮ್ಮ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ತಂಗಿ ಪರದೇಶಕ್ಕೆ ಹೊರಡುವಾಗ ಒಂದು ಜೋಡಿ ಜೀಬ್ರಾ ಫಿಂಚ್ ಹಕ್ಕಿಗಳನ್ನು ಪಂಜರದ ಸಮೇತ ತಂದು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಬಿಟ್ಟಿದ್ದಳು. ಕೆಂಪು ಕೊಕ್ಕು, ಕಿತ್ತಳೆ ಕೆನ್ನೆಯ ಗಂಡಿಗೆ ಅಮ್ಮ ಕೆಂಚ ಅಂತ ಹೆಸರಿಟ್ಟಳು. ಹೆಣ್ಣು ಮೈಯೆಲ್ಲ ಬೂದು, ಹಾಗಾಗಿ ಅದು ಬೂದಿ. ಈ ಜಾತಿಯಲ್ಲಿ ಹಾಡುವುದು ಗಂಡು ಮಾತ್ರ. ಅಮ್ಮ ದೇವರಿಗೆ ಹೂ ಬಿಡಿಸಿ ತರುವಷ್ಟರಲ್ಲಿ ಕೆಂಚ ಹತ್ತು ಸಲ ಹಾಡಿ ಮುಗಿಸಿರುತ್ತಿದ್ದ.

ಆಷಾಢದ ಮಳೆ ಜಡಿಯುತ್ತಿತ್ತು. ಒಂದು ಬೆಳಿಗ್ಗೆ ಅಮ್ಮ ಜಗಲಿಗೆ ಕರೆದು, ‘ನೋಡೋ, ಬಾಯಿ ಬಿಡ್ತಾನೆ, ಸ್ವರ ಬರ್ತಿಲ್ಲ’ ಅಂದಳು. ಪುಕ್ಕ ಉಬ್ಬಿಸಿಕೊಂಡು ಕೂತಿದ್ದ. ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ರಾತ್ರಿ ಪಂಜರಕ್ಕೆ ಕಿವಿ ಕೊಟ್ಟರೆ ಗಂಟಲೊಳಗಿಂದ ಟಿಕ್ ಟಿಕ್ ಅಂತ ಸಣ್ಣ ಸದ್ದು. ಸಣ್ಣ ಹಕ್ಕಿಗಳು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ. ಸೋತದ್ದು ಕಂಡರೆ ಬೇಟೆಯಾಡುವವು ಮೊದಲು ಅದನ್ನೇ ಹಿಡಿಯುತ್ತವೆ. ಹಾಗಾಗಿ ನಮಗೆ ಕಾಣುವ ಹೊತ್ತಿಗೆ ರೋಗ ಬಹಳ ದೂರ ಬಂದಿರುತ್ತದೆ.

ದೊಡ್ಡಪ್ಪ ಬಂದವರು, ‘ಪಂಜರ ತೆಗೆದು ಗದ್ದೆಗೆ ಬಿಡು, ರಾಟವಾಳದ ಜೊತೆ ಸೇರ್ಕೊಂಡು ಬದುಕ್ಕೊಳ್ತದೆ’ ಅಂದರು. ನಮ್ಮ ಗದ್ದೆಯ ರಾಟವಾಳ ಇದೇ ಬಳಗದ್ದು ನಿಜ. ಆದರೆ ಅದು ಕಾಡಿನ ಹಕ್ಕಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದನ್ನು ಹಿಡಿಯುವಂತಿಲ್ಲ, ಸಾಕುವಂತಿಲ್ಲ. ಜೀಬ್ರಾ ಫಿಂಚಿನ ಮೂಲ ಆಸ್ಟ್ರೇಲಿಯಾದ ಒಣ ಬಯಲು. ತಲೆತಲಾಂತರದಿಂದ ಪಂಜರದಲ್ಲೇ ಹುಟ್ಟಿ ಬೆಳೆದ ಈ ಜೀವವನ್ನು ಮಲೆನಾಡಿನ ಮಳೆಗೆ ಬಿಡುವುದು ಬಿಡುಗಡೆಯಲ್ಲ, ಕೊಲೆ. ನಾನು ಈಗಲೂ ಹಾಗೇ ಹೇಳುತ್ತೇನೆ.

ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಕೆಂಚನನ್ನು ಕೂರಿಸಿಕೊಂಡು ಶಿವಮೊಗ್ಗಕ್ಕೆ ಹೋದೆ. ಅಲ್ಲಿನ ಪಶುವೈದ್ಯರು ದಿನವಿಡೀ ಹಸು ಎಮ್ಮೆ ನೋಡುವವರು, ಆದರೂ ಹಕ್ಕಿಯನ್ನು ಹಿಡಿದ ಅವರ ಕೈ ನೋಡಿ ನನಗೆ ಧೈರ್ಯ ಬಂತು. ಕತ್ತು ಎರಡು ಬೆರಳ ನಡುವೆ, ಎದೆ ಪೂರಾ ಬಿಡು. ಹಕ್ಕಿಗಳಿಗೆ ನಮ್ಮ ಹಾಗೆ ವಪೆ ಇಲ್ಲ, ಎದೆಗೂಡು ಆಡಿದರೇ ಉಸಿರು. ಅಲ್ಲಿ ಅದುಮಿದರೆ ಕೈಯಲ್ಲೇ ಸತ್ತುಹೋಗುತ್ತದೆ. ಅವರು ಕತ್ತಿನ ಪುಕ್ಕ ಒದ್ದೆ ಮಾಡಿ, ಕೋಣೆ ಕತ್ತಲು ಮಾಡಿ, ಹಿಂದಿನಿಂದ ಟಾರ್ಚು ಹಿಡಿದರು. ತೆಳು ಚರ್ಮದೊಳಗೆ ಉಸಿರಿನ ಕೊಳವೆ ಕೆಂಪಗೆ ಕಂಡಿತು. ಅದರಲ್ಲಿ ಕರಿ ಚುಕ್ಕಿಗಳು. ಶ್ವಾಸನಾಳದಲ್ಲೂ ಗಾಳಿಚೀಲದಲ್ಲೂ ಗೂಡು ಮಾಡುವ ನುಸಿ ಅದು.

ಔಷಧಿ ಐವರ್ಮೆಕ್ಟಿನ್, ದನಕ್ಕೆ ಚುಚ್ಚುವುದೇ. ಆದರೆ ಕೆಂಚನ ತೂಕ ಸುಮಾರು 12 ಗ್ರಾಂ, ಎರಡು ಹತ್ತು ರೂಪಾಯಿ ನಾಣ್ಯದಷ್ಟೂ ಇಲ್ಲ. ದನದ ಸೀಸೆಯಿಂದ ನೇರ ಒಂದು ಹನಿ ಬಿದ್ದರೆ ಅದೇ ವಿಷ. ಅವರು ಲೆಕ್ಕ ಹಾಕಿ ತೆಳು ಮಾಡಿ, ಹೆಡೆಕತ್ತಿನ ಪುಕ್ಕ ಸರಿಸಿ, ಬರಿ ಚರ್ಮದ ಮೇಲೆ ಒಂದೇ ಹನಿ ಇಟ್ಟರು. ಈ ಲೆಕ್ಕ ಮನೆಯಲ್ಲಿ ಅಂದಾಜಿನಿಂದ ಮಾಡುವಂಥದ್ದಲ್ಲ. ಬೂದಿಗೂ ಒಂದು ಹನಿ ಕೊಟ್ಟು ಕಳಿಸಿದರು, ಒಂದು ಪಂಜರದಲ್ಲಿದ್ದವಕ್ಕೆಲ್ಲ ಹಾಕಲೇಬೇಕು. ಹೊರಡುವಾಗ ಇನ್ನೊಂದು ಮಾತು ಹೇಳಿದರು: ‘ಒಂದೆರಡು ದಿನ ಉಸಿರು ಇನ್ನೂ ಕೆಡಬಹುದು. ನುಸಿ ಸಾಯ್ತವೆ, ಹೆಣ ಕೊಳವೆಯಲ್ಲೇ ಇರ್ತವೆ. ಬೆಚ್ಚಗಿಡಿ.’

ಗಂಟಲ ಸೋಂಕಿಗೆಂದು ನೀರಿಗೆ ಬೆರೆಸುವ ಒಂದು ಪುಡಿಯನ್ನೂ ಕೊಟ್ಟಿದ್ದರು. ಕಷ್ಟವಾದದ್ದು ಇದೇ. ಮರುಭೂಮಿ ಅಂಚಿನ ಈ ಹಕ್ಕಿ ನೀರಿಲ್ಲದೆ ಬಹಳ ಕಾಲ ತಡೆಯಬಲ್ಲದು, ರುಚಿ ಹಿಡಿಸದಿದ್ದರೆ ಕುಡಿಯುವುದೇ ಇಲ್ಲ. ಕುಡಿಯದ ನೀರಿನಲ್ಲಿ ಎಷ್ಟು ಔಷಧಿ ಇದ್ದೇನು? ಅಮ್ಮ ಸೌತೆ ಹೋಳು, ಕೊತ್ತಂಬರಿ ಸೊಪ್ಪು, ಸ್ನಾನದ ತಟ್ಟೆ ಎಲ್ಲ ತೆಗೆದಳು, ಬೇರೆ ಕಡೆಯಿಂದ ತೇವ ಸಿಗಬಾರದೆಂದು. ಸುಣ್ಣದಂಶಕ್ಕೆ ಕಟ್ಟಿದ್ದ ಸಮುದ್ರ ನೊರೆಯ ತುಂಡನ್ನೂ ಡಾಕ್ಟರ್ ತೆಗೆಸಿದ್ದರು, ಸುಣ್ಣ ಆ ಔಷಧಿಯನ್ನು ಹಿಡಿದಿಟ್ಟು ಮೈಗೆ ಹತ್ತಗೊಡುವುದಿಲ್ಲವಂತೆ. ನೀರಿನ ಬಟ್ಟಲಿಗೆ ಅಮ್ಮ ಪೆನ್ನಿನಲ್ಲಿ ಗೀಟು ಎಳೆದಿಟ್ಟು, ಬೆಳಿಗ್ಗೆ ಸಂಜೆ ಎಷ್ಟು ಇಳಿಯಿತೆಂದು ಬಗ್ಗಿ ನೋಡುತ್ತಿದ್ದಳು.

ಹಕ್ಕಿಗಳೆರಡನ್ನೂ ಬೇರೆ ಬೇರೆ ಇಟ್ಟಿದ್ದೆವು. ಬೂದಿ ಒಳಕೋಣೆಯಲ್ಲಿ ಒಂದೇ ಸಮ ಕೂಗತೊಡಗಿತು. ಕೆಂಚ ಉತ್ತರ ಕೊಡಲು ಬಾಯಿ ತೆರೆದು, ಸ್ವರ ಹೊರಡದೆ ಏದುಸಿರು ಬಿಡುತ್ತಿದ್ದ. ಜೋಡಿಯಾದ ಮೇಲೆ ಬಿಡದೆ ಬಾಳುವ ಜಾತಿ ಅದು. ‘ಇದನ್ನ ನೋಡ್ಕೊಂಡು ಕೂರಕ್ಕಾಗಲ್ಲ’ ಎಂದು ಅಮ್ಮ ಬೂದಿಯ ಪಂಜರವನ್ನು ತಂದು ಪಕ್ಕದಲ್ಲೇ ಇಟ್ಟಳು. ಕೂಗು ನಿಂತಿತು. ಆರೈಕೆಯಲ್ಲಿ ಅದಕ್ಕಿಂತ ದೊಡ್ಡದನ್ನು ನಾವು ಏನೂ ಮಾಡಲಿಲ್ಲ ಅಂತ ನನ್ನ ನಂಬಿಕೆ.

ಮರುದಿನ ರಾತ್ರಿ ಡಾಕ್ಟರ್ ಹೇಳಿದಂತೆಯೇ ಕೆಂಚನ ಉಸಿರು ಕೆಟ್ಟಿತು. ಅದೇ ಹೊತ್ತಿಗೆ ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಶಾಖಕ್ಕೆಂದು ಹಚ್ಚಿದ್ದ ಬಲ್ಬು ಆರಿತು. ಮನೆಯಲ್ಲಿ ಬೆಚ್ಚಗಿದ್ದ ಜಾಗ ಬಚ್ಚಲೊಲೆಯ ಮುಂದೆ ಒಂದೇ, ಆದರೆ ಅಲ್ಲಿ ಹೊಗೆ. ಉಸಿರಿಗೆ ಒದ್ದಾಡುವ ಹಕ್ಕಿಯನ್ನು ಹೊಗೆಯಲ್ಲಿಡುವುದುಂಟೆ? ಹಂಡೆಯಿಂದ ಬಿಸಿನೀರು ತೋಡಿ ಬಾಟಲಿಗಳಿಗೆ ತುಂಬಿ, ಟವಲು ಸುತ್ತಿ, ಪಂಜರದ ಒಂದೇ ಬದಿಗೆ ಒರಗಿಸಿದೆವು. ಹೆಚ್ಚಾದರೆ ಅವನು ಈಚೆ ಸರಿಯಲು ಜಾಗ ಇರಬೇಕಲ್ಲ. ಆರಿದ್ದನ್ನು ಚೆಲ್ಲಿ ಮತ್ತೆ ತುಂಬುತ್ತಾ ಬೆಳಗು ಮಾಡಿದೆವು. ಅಮ್ಮ ಬಚ್ಚಲಿಗೂ ಜಗಲಿಗೂ ಓಡಾಡಿದ್ದಕ್ಕೆ ಲೆಕ್ಕವಿಲ್ಲ. ನಡುವೆ ಒಮ್ಮೆ ಅವನು ತಲೆ ಕೊಡವಿ ಸೀನಿದ. ಬಾಲದ ಆಟ ಸ್ವಲ್ಪ ನಿಧಾನವಾಯಿತು. ಬೆಳಕಾದ ಮೇಲೆ ಇಳಿದು ಬಂದು ನವಣೆ ತೆನೆಗೆ ಕೊಕ್ಕು ಹಾಕಿದ.

ಐವರ್ಮೆಕ್ಟಿನ್ ನುಸಿಯನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಎರಡು ವಾರಕ್ಕೆ ಮತ್ತೆ ಹಾಕಬೇಕೆಂದು ಡಾಕ್ಟರ್ ಹೇಳಿ, ತೆಳು ಮಾಡಿದ ಔಷಧಿಯನ್ನು ಅಳತೆ ಮಾಡಿ ಕೊಟ್ಟಿದ್ದರು. ಆ ಹೊತ್ತಿಗೆ ಕೆಂಚ ಹಿಡಿಯಲು ಸಿಗದಷ್ಟು ಚುರುಕಾಗಿದ್ದ. ದೀಪ ಆರಿಸಿ ಕತ್ತಲಾದ ಮೇಲೆಯೇ ಕೈ ಹಾಕಬೇಕಾಯಿತು, ಕತ್ತಲಲ್ಲಿ ಇವು ಹಾರುವುದಿಲ್ಲ. ನಾನು ಹಿಡಿದೆ, ಅಮ್ಮ ಹನಿ ಇಟ್ಟಳು. ಅವಳ ಹೆಬ್ಬೆರಳನ್ನು ಅವನು ಬಲವಾಗಿ ಕಚ್ಚಿದ, ಅವಳು ಬಿಡಿಸಿಕೊಳ್ಳಲಿಲ್ಲ. ಬೂದಿಯದೂ ಮುಗಿಸಿ, ಎರಡನ್ನೂ ಒಂದೇ ಪಂಜರಕ್ಕೆ ಸೇರಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಕೆಳಗೆ ‘ಕೆಂಚ, ಬೂದಿ, ಎರಡನೇ ಹನಿ ಆಯ್ತು’ ಅಂತ ಬರೆದಳು. ಮರುದಿನ ನವಣೆ ತರಲು ನನ್ನನ್ನು ಪೇಟೆಗೆ ಕಳಿಸಿದಳು.