ಮಗುವಿನ 'ಬೇಡ'ಕ್ಕೆ ನಾವು ಕೊಡುವ ಬೆಲೆ

2014ರ ಜುಲೈ ತಿಂಗಳನ್ನು ಬೆಂಗಳೂರಿನ ತಾಯ್ತಂದೆಯರು ಮರೆತಿರಲಾರರು. ನಗರದ ಶಾಲೆಯೊಂದರಲ್ಲಿ ಆರು ವರ್ಷದ ಬಾಲಕಿಯ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸುದ್ದಿ ತಿಳಿದು ಪೋಷಕರು ಬೀದಿಗಿಳಿದಿದ್ದರು. ಗಂಗಾನಗರದ ನಮ್ಮ ಬೀದಿಯಲ್ಲೂ ಅದೇ ಮಾತು. ವ್ಯಾನಿನ ಚಾಲಕ ಯಾರು, ಕಾವಲುಗಾರ ಯಾರು, ಕ್ಯಾಮೆರಾ ಇದೆಯೇ ಎಂದು ನಾನೂ ಮಗಳ ಶಾಲೆಗೆ ಹೋಗಿ ವಿಚಾರಿಸಿ ಬಂದೆ. ಅಪಾಯವೆಲ್ಲ ಹೊರಗಿದೆ, ಮನೆಯ ಬಾಗಿಲು ಹಾಕಿಕೊಂಡರೆ ಮಗು ಸುರಕ್ಷಿತ ಎಂದು ನಂಬಿದ್ದೆ.

ಅದೇ ವರ್ಷದ ಕ್ರಿಸ್ಮಸ್ ಸಂಜೆ ಮನೆ ತುಂಬ ನೆಂಟರು. ಹಿರಿಯರೊಬ್ಬರು ನನ್ನ ಏಳು ವರ್ಷದ ಮಗಳನ್ನು ಹತ್ತಿರ ಕರೆದು ಮುತ್ತು ಕೇಳಿದರು. ಅವಳು 'ಬೇಡ' ಎಂದು ನನ್ನ ಸೆರಗಿನ ಹಿಂದೆ ಅವಿತಳು. 'ದೊಡ್ಡವರು ಕೇಳಿದರೆ ಇಲ್ಲ ಎನ್ನಬಾರದು' ಎಂದು ಗದರಿ ನಾನೇ ಅವಳನ್ನು ಮುಂದಕ್ಕೆ ನೂಕಿದೆ. ಆ ಹಿರಿಯರ ಮನಸ್ಸಿನಲ್ಲಿ ಕೇಡಿರಲಿಲ್ಲ. ಆದರೆ ನಾನು ಕಲಿಸಿದ ಪಾಠ ಕೆಟ್ಟದ್ದಾಗಿತ್ತು.

ಐದು ವರ್ಷಗಳ ನಂತರ, ಮನೆಪಾಠ ಹೇಳುತ್ತಿದ್ದ ಪರಿಚಿತರೊಬ್ಬರ ಕೆಟ್ಟ ವರ್ತನೆಯನ್ನು ಅವಳು ಅಳುತ್ತಾ ತಿಳಿಸಿದಳು. ಅಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದೆ. 'ದೊಡ್ಡವರಿಗೆ ಇಲ್ಲ ಎನ್ನಬಾರದು ಎಂದು ನೀನೇ ಹೇಳಿದ್ದೆಯಲ್ಲಮ್ಮಾ' ಎಂದಳು. ನನಗೆ ಮಾತು ಹೊರಡಲಿಲ್ಲ.

ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದ್ದರು. ಅವರಲ್ಲಿ ಗಂಡುಮಕ್ಕಳೂ ಹೆಣ್ಣುಮಕ್ಕಳಷ್ಟೇ ಇದ್ದರು. ಹೆಚ್ಚಿನವರು ಅದನ್ನು ಯಾರಿಗೂ ಹೇಳಿರಲಿಲ್ಲ. ಅವರ ಬಾಯಿ ಕಟ್ಟಿದವರಲ್ಲಿ ನನ್ನಂಥ ತಾಯಂದಿರೂ ಇರಲಾರರೇ?

'ಮರ್ಯಾದೆಯ ಪ್ರಶ್ನೆ, ಸುಮ್ಮನಿರಿ' ಎಂದವರು ಹಲವರು. ಮರ್ಯಾದೆ ಹೋಗಬೇಕಾದುದು ತಪ್ಪು ಮಾಡಿದವನದೋ, ಮಗುವಿನದೋ? ನಾವು ದೂರು ಕೊಟ್ಟೆವು. 2012ರ ಪೋಕ್ಸೊ ಕಾಯ್ದೆಯಲ್ಲಿ 18 ವರ್ಷ ತುಂಬದವರೆಲ್ಲರೂ ಮಕ್ಕಳೇ. ಮಗುವೇ ಒಪ್ಪಿತ್ತು ಎಂಬ ಸಮರ್ಥನೆಗೆ ಅಲ್ಲಿ ಸ್ಥಾನವಿಲ್ಲ. ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆಯುಂಟು. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಸಮವಸ್ತ್ರವಿಲ್ಲದೆ ಪಡೆಯಬೇಕು. ಮಗುವಿನ ಹೆಸರು ಹೊರಬೀಳಕೂಡದು. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ 1098ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಬಹುದು.

ಆದರೆ ಕಾನೂನು ಬರುವುದು ನೋವಾದ ಮೇಲೆ. ಅದಕ್ಕೂ ಮುಂಚಿನ ಕೆಲಸ ನಮ್ಮದು. ದೇಹದ ಅಂಗಗಳ ಹೆಸರನ್ನು ನಾಚಿಕೆಯಿಲ್ಲದೆ ಕಲಿಸೋಣ. ಅಪ್ಪ ಅಮ್ಮನಿಂದ ಮುಚ್ಚಿಡಬೇಕಾದ ಗುಟ್ಟು ಯಾವುದೂ ಇಲ್ಲವೆಂದು ತಿಳಿಸೋಣ. ಅಪ್ಪಿಕೊಳ್ಳುವ ಮುನ್ನ ಮಗುವನ್ನು ಕೇಳೋಣ. ಕೈಮುಗಿದರೂ ಗೌರವವೇ ಅಲ್ಲವೇ? ಮನೆಯಾಗಲಿ, ಶಾಲೆಯಾಗಲಿ, ದೇವಾಲಯವಾಗಲಿ, ಯಾರ ಸ್ಥಾನವೂ ಪ್ರಶ್ನೆಗೆ ಮೀರಿದ್ದಲ್ಲ. ಇಷ್ಟಾದರೂ, ತನ್ನನ್ನು ಕಾಪಾಡಿಕೊಳ್ಳುವ ಹೊರೆಯನ್ನು ಮಗುವಿನ ತಲೆಗೆ ಕಟ್ಟುವಂತಿಲ್ಲ. ಅದು ಬಾಯಿ ಬಿಟ್ಟಾಗ ಮೊದಲು ಹೇಳಬೇಕಾದ ಮಾತು: 'ನಿನ್ನನ್ನು ನಂಬುತ್ತೇನೆ, ತಪ್ಪು ನಿನ್ನದಲ್ಲ.'

ಕಳೆದ ಕ್ರಿಸ್ಮಸ್‌ಗೆ ತಂಗಿಯ ಪುಟ್ಟ ಮಗನನ್ನು ಯಾರೋ ಎತ್ತಿಕೊಳ್ಳಲು ಹೋದರು. ಅವನು ಹಿಂದೆ ಸರಿದ. 'ಅವನಿಗೆ ಬೇಡವಂತೆ' ಎಂದು ನನ್ನ ಮಗಳು ನಗುತ್ತಲೇ ಹೇಳಿದಳು. ಎತ್ತಿಕೊಳ್ಳಲು ಹೋದವರೂ ನಕ್ಕು ಕೈಮುಗಿದರು. ಹಬ್ಬಕ್ಕೇನೂ ಕುಂದಾಗಲಿಲ್ಲ.